ಅಪಾಯವಿಲ್ಲದ ಸಂದೇಶ

ಇಷ್ಟಕ್ಕೆಲ್ಲ ಕಾರಣ, ಮಾರಾಟ ವಿಭಾಗದ ಮುಖ್ಯಸ್ಥರಿಗೆ ‘ಅಪಾಯ’ ಎಂಬ ಪದ ಹಿಡಿಸದೆ ಹೋದದ್ದು.

“ಕೊಳ್ಳೋರು ಹೆದರ್ಕೋತಾರ್ರೀ. ಯಂತ್ರದ ಸಂದೇಶಗಳಲ್ಲಿ ಎಲ್ಲೆಲ್ಲಿ ಆ ಪದ ಇತ್ತೋ ಎಲ್ಲಾ ಕಡೆ ತೆಗೆದುಹಾಕಿದೀನಿ,” ಎಂದು ಅವರು ಬೆಳಗ್ಗೆಯೇ ಬಂದು ಹೇಳಿದರು. ಪುಕ್ಕಲ ತಲೆಯಾಡಿಸಿದ. ಅವನ ಗಮನವೆಲ್ಲ ತನ್ನ ಎಡತೋಳಿನ ಮೇಲಿತ್ತು.

ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿದ್ದುದರಿಂದ ಕಚೇರಿಯಲ್ಲಿ ಅವನಿಗೆ ಈ ಹೆಸರು ಬಿದ್ದಿತ್ತು. ಇಂಥವನು ಆರಿಸಿಕೊಂಡ ಕೆಲಸವೋ, ಚರ್ಮದಡಿ ಕೂರುವ ಸಂವೇದಕಗಳ ವಿನ್ಯಾಸ. ಅಕ್ಕಿಕಾಳಿನಷ್ಟು ಯಂತ್ರ ತೋಳೊಳಗೆ ಕೂತು ಎದೆಬಡಿತ ಎಣಿಸುತ್ತ, ಏರುಪೇರಾದರೆ ಮನೆಗೆ ಸುದ್ದಿ ಮುಟ್ಟಿಸಬೇಕು. ಮಾಡಿದವನೇ ಮೊದಲು ಹಾಕಿಸಿಕೊಳ್ಳಬೇಕೆಂಬುದು ಕಚೇರಿಯ ನಿಯಮ. ತಿಂಗಳ ಹಿಂದೆ ನರ್ಸಮ್ಮ ದಪ್ಪ ಸೂಜಿಯಿಂದ ಅದನ್ನು ಒಳಗಿಳಿಸಿದ್ದರು. ಇಳಿಸುವ ಮೊದಲೇ ಅವನು ಮೂರ್ಛೆ ಹೋಗಿದ್ದ.

ಇವತ್ತು ಮೂವತ್ತನೆಯ ದಿನ. ಸಂಜೆಯವರೆಗೆ ದಾಖಲೆ ಸರಿಯಾಗಿದ್ದರೆ ಪರೀಕ್ಷೆ ಮುಗಿಯಿತು. ಕೆಟ್ಟರೆ ಬಲತೋಳು, ಮತ್ತೆ ಸೂಜಿ, ಮತ್ತೆ ಮೂವತ್ತು ದಿನ.

ಹತ್ತು ಗಂಟೆಗೆ ಅವನು ಫೋನನ್ನು ಡ್ರಾಯರಿನಲ್ಲಿಟ್ಟು, ಪರೀಕ್ಷೆಗಾಗಿ ನಾಲ್ಕು ಮಹಡಿ ಓಡಿ ಹತ್ತಿದ. ಹೆಂಡತಿಯ ಫೋನಿಗೆ ‘ನಿಮ್ಮ ಮನೆಯವರ ಎದೆಬಡಿತ ಏರಿದೆ’ ಎಂದು ಸಂದೇಶ ಹೋಯಿತು. ತಿಂಗಳಿಂದ ಇದನ್ನು ನೋಡಿ ಅಭ್ಯಾಸವಾಗಿದ್ದ ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. ಅವನು ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಂಡ. ಬಡಿತ ಇಳಿಯಿತು. ಆಗ ಹೋಗಬೇಕಾದ ಸಂದೇಶ, ‘ನಿಮ್ಮ ಮನೆಯವರು ಇನ್ನು ಅಪಾಯದಲ್ಲಿ ಇಲ್ಲ.’ ಮುಖ್ಯಸ್ಥರು ತಮಗೆ ಬೇಡದ ಪದವನ್ನು ಕಿತ್ತಿದ್ದರಿಂದ ಹೋದದ್ದು, ‘ನಿಮ್ಮ ಮನೆಯವರು ಇನ್ನು ಇಲ್ಲ.’

ಅವಳ ಕೂಗಿಗೆ ಮೇಲಿನ ಮನೆಯ ಮೇಷ್ಟ್ರು ಇಳಿದು ಬಂದರು. ಮೂವತ್ತೈದು ವರ್ಷ ವ್ಯಾಕರಣ ಪಾಠ ಮಾಡಿ ನಿವೃತ್ತರಾದವರು. ಕನ್ನಡಕ ಏರಿಸಿ ಎರಡೆರಡು ಸಲ ಓದಿದರು.

“ಏನಾದ್ರೂ ತಪ್ಪಿರಬಹುದಾ ಮೇಷ್ಟ್ರೇ?”

“ಕರ್ತೃಪದ ಸರಿ ಇದೆ, ಕ್ರಿಯಾಪದನೂ ಸರಿ ಇದೆ. ತಪ್ಪೇನೂ ಕಾಣ್ತಿಲ್ಲಮ್ಮ,” ಎಂದು ಕಣ್ಣೊರೆಸಿಕೊಂಡರು.

ಡ್ರಾಯರಿನಲ್ಲಿದ್ದ ಫೋನು ಒಂದೇ ಸಮನೆ ಬಡಿದುಕೊಂಡಿತು. ಯಾರೂ ಎತ್ತದಿದ್ದಾಗ ಮೇಷ್ಟ್ರಿಗೆ ಉಳಿದಿದ್ದ ಚೂರು ಅನುಮಾನವೂ ಹೋಯಿತು. ತಮ್ಮ ಕೈಲಾದ ಸಹಾಯವೆಂದು ಅವನ ಕಚೇರಿಗೆ ಫೋನ್ ಮಾಡಿ, ಗುಮಾಸ್ತನಿಗೆ ಸಾವಿನ ಸುದ್ದಿಯನ್ನು ಅಕ್ಷರ ಬಿಡದೆ ಬರೆಸಿದರು. ಆಮೇಲೆ ತಮ್ಮ ಮನೆಯಿಂದ ಆರು ಕುರ್ಚಿ ಇಳಿಸಿ ಹಾಕಿದರು. ಪಕ್ಕದ ಬೀದಿಯಿಂದ ಅವಳ ತಾಯಿಯೂ ಓಡಿ ಬಂದರು.

ಪುಕ್ಕಲ ಡ್ರಾಯರು ತೆಗೆದಾಗ ಹೆಂಡತಿಯ ಇಪ್ಪತ್ತೇಳು ಕರೆಗಳಿದ್ದವು. ತಿರುಗಿ ಮಾಡಿದರೆ ಅವಳ ಫೋನಿಗೆ ಬಿಡುವಿಲ್ಲ. ಅವಳಿಗೇ ಏನೋ ಆಗಿದೆಯೆಂದು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ.

ಅಳುವವರ ನಡುವೆ ಹೆಂಡತಿಯ ಫೋನು ಸದ್ದು ಮಾಡಿತು: ‘ನಿಮ್ಮ ಮನೆಯವರ ಎದೆಬಡಿತ ಏರಿದೆ.’

“ಹೋದ್ಮೇಲೂ ಅಳಿಯಂದ್ರಿಗೆ ನೆಮ್ಮದಿ ಇಲ್ವಲ್ಲ,” ಎಂದು ಅತ್ತೆ ಬಿಕ್ಕಿದರು.

ಅಷ್ಟರಲ್ಲಿ ಅಳಿಯಂದಿರೇ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು.

“ಎಲ್ಲಿ ಹಾಳಾಗಿ ಹೋಗಿದ್ರಿ? ನನ್ನ ಜೀವಾನೇ ಹೋಗಿತ್ತು,” ಎಂದು ಹೆಂಡತಿ ಅವನ ಅಂಗಿ ಹಿಡಿದುಕೊಂಡಳು. ಅವಳ ಅಳು ಕಂಡು ಅವನಿಗೂ ಅಳು ಬಂತು. ತನಗಾಗಿ ಇಷ್ಟು ಅಳುವವರಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ. ಕುರ್ಚಿಯಲ್ಲಿ ಕೂತು ನೀರು ಕುಡಿದ. ಬಡಿತ ಇಳಿಯಿತು. ಫೋನು ಮತ್ತೆ ಸದ್ದು ಮಾಡಿತು.

“‘ನಿಮ್ಮ ಮನೆಯವರು ಇನ್ನು ಇಲ್ಲ,’” ಎಂದು ಮೇಷ್ಟ್ರು ಸ್ಪಷ್ಟವಾಗಿ ಓದಿದರು. ಎಲ್ಲರೂ ಅವನ ಮುಖ ನೋಡಿದರು.

“ಎದ್ದು ಓಡಾಡ್ತಾ ಇರಿ, ಸುಮ್ನೆ ಕೂರ್ಬೇಡಿ,” ಎಂದಳು ಹೆಂಡತಿ.

ಅವನು ಕಚೇರಿಗೆ ಹೊರಟಾಗ ಅವಳೂ ಬೆನ್ನಿಗೆ ಬಿದ್ದಳು. ಅಲ್ಲಿ ಗುಮಾಸ್ತ ದಾಖಲೆ ಪುಸ್ತಕ ತಿರುಗಿಸಿ ತೋರಿಸಿದ. ‘ಮೊದಲನೆಯ ವ್ಯಕ್ತಿ. ಮೂವತ್ತನೆಯ ದಿನ ತೀರಿಕೊಂಡರು.’

“ನಿನ್ನ ಎದುರಿಗೇ ನಿಂತಿದೀನಲ್ಲಪ್ಪ.”

“ಕಾಣ್ತಿದೆ ಸಾರ್. ಆದ್ರೆ ದಾಖಲೆ ತಿದ್ದೋ ಹಾಗಿಲ್ಲ, ನೀವೇ ಮಾಡಿದ ನಿಯಮ. ಬೇಕಾದ್ರೆ ನಿಮ್ಮನ್ನ ಎರಡನೇ ವ್ಯಕ್ತಿ ಅಂತ ಬರ್ಕೋತೀನಿ. ಹೊಸ ವ್ಯಕ್ತಿಗೆ ಹೊಸ ಯಂತ್ರ.”

ನರ್ಸಮ್ಮ ಬಲತೋಳನ್ನು ಹತ್ತಿಯಿಂದ ಒರೆಸುತ್ತಿರುವಾಗ ಮುಖ್ಯಸ್ಥರು ಇಣುಕಿದರು. “ಸಂದೇಶ ಸರಿ ಮಾಡಿದೀನಿ ಕಣ್ರೀ. ‘ಅಪಾಯದಲ್ಲಿ’ ಅಂತ ವಾಪಸ್ ಹಾಕಿದೆ. ಇಷ್ಟೆಲ್ಲ ರಾದ್ಧಾಂತ ಮಾಡಿದ್ದು ಆ ‘ಇಲ್ಲ’ ಅನ್ನೋದಲ್ವಾ, ಅದನ್ನ ತೆಗೆದುಬಿಟ್ಟೆ.”

ಪುಕ್ಕಲ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸೂಜಿ ಕಣ್ಣಿಗೆ ಬಿತ್ತು. ಬಡಿತ ಏರಿತು, ಕಣ್ಣು ಕತ್ತಲಿಟ್ಟಿತು, ಅವನು ನರ್ಸಮ್ಮನ ಭುಜಕ್ಕೆ ವಾಲಿದ. ಮೂರ್ಛೆಯಲ್ಲಿ ಬಡಿತ ಇಳಿಯುತ್ತಲೇ ಎಡತೋಳಿನ ಹಳೆಯ ಯಂತ್ರ ತನ್ನ ಕೆಲಸ ಮಾಡಿತು. ಹೊರಗೆ ಬೆಂಚಿನಲ್ಲಿ ಕೂತಿದ್ದ ಹೆಂಡತಿಯ ಫೋನು ಸದ್ದು ಮಾಡಿತು.

‘ನಿಮ್ಮ ಮನೆಯವರು ಇನ್ನು ಅಪಾಯದಲ್ಲಿ.’

ಅವಳು ಬಾಗಿಲ ಸಂದಿಯಿಂದ ಸೂಜಿಯ ಗಾತ್ರ ನೋಡಿದಳು.

“ಸದ್ಯ, ಯಂತ್ರ ಸರಿಹೋಯ್ತು,” ಎಂದು ನಿಟ್ಟುಸಿರು ಬಿಟ್ಟಳು.