ಹತ್ತು ಬೆರಳಿನ ಬೋರ್ಡಿಗೆ ಚೆಂಡುಹೂವಿನ ಹಾರ

ಕೊಳಾಲದ ಹತ್ತಿರದ ನಮ್ಮ ಪುಟ್ಟ ಶಾಲೆಗೆ ಬೆರಳಿನಿಂದ ಬರೆಯುವ ದೊಡ್ಡ ಬೋರ್ಡು ಬಂತು. ಜೊತೆಗಿದ್ದ ಪುಸ್ತಕವನ್ನು ಎರಡು ಸಲ ಓದಿ, ಈ ವಿಷಯದಲ್ಲಿ ತಾಲ್ಲೂಕಿಗೆ ನಾನೊಬ್ಬನೇ ಪಂಡಿತ ಎಂಬ ತೀರ್ಮಾನಕ್ಕೆ ನಾನೇ ಬಂದೆ. ಹೊಸ ಯಂತ್ರಕ್ಕೆ ಪೂಜೆ ಆಗಬೇಡವೇ? ಹೆಂಡತಿ ಗಿರಿಜಾ ಚೆಂಡುಹೂವಿನ ಹಾರ ಕಟ್ಟಿಕೊಟ್ಟಳು.

"ಗಾಜಿನ್ ಮೇಲೆ ಇಳಿಬಿಡ್ಬೇಡಿ, ಕೆಳಗಿಡಿ," ಎಂದಳು.

"ನಿನಗೆ ತಂತ್ರಜ್ಞಾನ ತಿಳಿಯದು," ಎಂದು ಗಾಜಿನ ಮೇಲೆಯೇ ಇಳಿಬಿಟ್ಟೆ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಂದು ಪೋಷಕರೆಲ್ಲ ಬಂದಿದ್ದರು. ಕುರಿ ಕಾಯುವ ಕರಿಯಮ್ಮ ಮಗಳು ಲಕ್ಷ್ಮಿಯನ್ನು ಮಧುಗಿರಿಯ ಶಾಲೆಗೆ ಸೇರಿಸಲು ಟಿ.ಸಿ. ಅರ್ಜಿ ಬರೆಸಿ ತಂದಿದ್ದಳು.

"ಇಲ್ಲಿ ಸಾರ್ ಒಬ್ರೇ ಬರೀತಾರೆ, ಒಬ್ರೇ ಮಾತಾಡ್ತಾರೆ ಅಂತಾಳೆ ಕಣಪ್ಪ ನನ್ ಮಗಳು."

ತರಗತಿಯಲ್ಲಿ ಪ್ರಶ್ನೆ ಕೇಳುವವಳು ಲಕ್ಷ್ಮಿ ಒಬ್ಬಳೇ. ಅವಳೂ ಹೋದರೆ ನಾನು ಗೋಡೆಗೆ ಪಾಠ ಹೇಳಬೇಕು. ನನಗೆ ನಿಜಕ್ಕೂ ಭಯವಾಯಿತು. "ಬೋರ್ಡು ನೋಡಿ ಆಮೇಲೆ ಅರ್ಜಿ ಕೊಡಮ್ಮ," ಎಂದು ಬೇಡಿಕೊಂಡೆ.

ಭಾಷಣ ಶುರುವಾಯಿತು. "ಮಹಾಜನರೇ, ಈ ಚೌಕಟ್ಟಿನಲ್ಲಿ ಕಣ್ಣಿಗೆ ಕಾಣದ ಬೆಳಕು ಹರಿಯುತ್ತದೆ. ಬೆರಳು ಅದಕ್ಕೆ ಅಡ್ಡ ಬಂದರೆ ಬೋರ್ಡು ಆ ಬೆರಳಿಗೊಂದು ನಂಬರ್ ಕೊಟ್ಟು, ಎಲ್ಲಿದೆ ಎಂದು ತಂತಿಯಲ್ಲಿ ಕಂಪ್ಯೂಟರಿಗೆ ಹೇಳುತ್ತದೆ. ಬೆರಳು ಸರಿದರೆ ಅದನ್ನೂ ಹೇಳುತ್ತದೆ, ಎತ್ತಿದರೆ ಅದನ್ನೂ. ಎತ್ತಿದ ಮೇಲೆಯೇ ಆ ನಂಬರ್ ಇನ್ನೊಬ್ಬರಿಗೆ. ಒಟ್ಟು ಹತ್ತು ಬೆರಳಿಗೆ ಜಾಗ."

ಗಂಭೀರವಾಗಿ ಮುಟ್ಟಿದೆ. ಏನೂ ಆಗಲಿಲ್ಲ.

ತಂತಿ ಕಿತ್ತು ಚುಚ್ಚಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಬೆರಳು ಒರೆಸಿಕೊಂಡೆ, ಉಂಗುರ ತೆಗೆದೆ, ಕೊನೆಗೆ ಚಪ್ಪಲಿಯನ್ನೂ ಬಿಟ್ಟು ಬಂದೆ. ಕಂಪ್ಯೂಟರಿನ ಮೇಲೆ ರೇಗಿದೆ. ಮುಂದಿನ ಸಾಲಿನಲ್ಲಿ ಕರಿಯಮ್ಮ ಸೆರಗಿನ ಗಂಟು ಬಿಚ್ಚಿ ಅರ್ಜಿ ಹೊರತೆಗೆದಳು.

"ಮೇಷ್ಟ್ರೇ," ಎಂದಳು, "ಆ ಹೂವ ಆವಾಗ್ಲಿಂದ ಮುಟ್ಕಂಡೇ ಐತಲ್ಲ. ಅದು ಎತ್ತದೆ ನಿಮ್ ಬೆರಳಿಗೆ ನಂಬರ್ ಎಲ್ಲಿಂದ ಬತ್ತದೆ?"

ನನ್ನ ಪಾಠ ಅವಳಿಗೆ ಅರ್ಥವಾಗಿತ್ತು. ಹೇಳಿದವನಿಗೆ ಮಾತ್ರ ಆಗಿರಲಿಲ್ಲ. ಹತ್ತು ಜಾಗವನ್ನೂ ಚೆಂಡುಹೂವುಗಳೇ ಹಿಡಿದು ಕೂತಿದ್ದವು.

ಹಾರ ತೆಗೆದೆ. ಬೋರ್ಡು ಕೆಲಸ ಮಾಡಿತು. ಹೋದ ಮಾನ ತರಲು ತುಮಕೂರು ಜಿಲ್ಲೆಯ ನಕ್ಷೆ ತೆರೆದು ಶಿರಾ ತೋರಿಸಿದೆ, ಪಾವಗಡ ತೋರಿಸಿದೆ, ವಿವರಿಸುತ್ತಲೇ ಹೋದೆ.

ಕರಿಯಮ್ಮ ಕೆಮ್ಮಿದಳು. "ಹಾರ ತೆಗ್ದಾಯ್ತು. ಇನ್ನು ನೀವೂ ವಸಿ ಪಕ್ಕಕ್ಕೆ ಬನ್ನಿ."

ಹಾರ ಹಿಡಿದುಕೊಂಡೇ ಮೂಲೆಗೆ ಸರಿದೆ. ಇಷ್ಟು ವರ್ಷ ಹಳೆಯ ಕರಿಹಲಗೆಯ ಮುಂದೆ ನಾನೇ ಹಾರದಂತೆ ಜೋತುಬಿದ್ದಿದ್ದೆ ಎಂದು ಆಗ ತಿಳಿದು ನಾಚಿಕೆಯಾಯಿತು. ಲಕ್ಷ್ಮಿ ಬಂದು ಎರಡು ಬೆರಳಿಟ್ಟು ಅಗಲಿಸಿದಳು. ನಮ್ಮ ಕೊರಟಗೆರೆ ತಾಲ್ಲೂಕು ದೊಡ್ಡದಾಯಿತು, ಕೊಳಾಲ ಕಂಡಿತು, ನಮ್ಮ ಶಾಲೆಯೂ ಕಂಡಿತು. ಕರಿಯಮ್ಮ ಅರ್ಜಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು.

ಲಕ್ಷ್ಮಿ ತಿರುಗಿ ನನ್ನನ್ನು ನೋಡಿ ಕನಿಕರದಿಂದ ಕರೆದಳು. "ಬನ್ನಿ ಸಾರ್, ಇನ್ನೂ ಎಂಟು ಬೆರಳಿಗೆ ಜಾಗ ಐತೆ."