ಮರಿ ಹಾವೋ, ದೊಡ್ಡ ಹಾವೋ

ತೀರ್ಮಾನ ತೆಗೆದುಕೊಳ್ಳುವುದು ನನಗೆ ಬಾರದ ವಿದ್ಯೆ. ಕತಾರಿಗೆ ಬಂದ ಮೇಲಂತೂ ಬರುತ್ತಿದ್ದ ಅಲ್ಪಸ್ವಲ್ಪವೂ ಮರೆತುಹೋಯಿತು. ಎಲ್ಲಿ ಕೂರಬೇಕು, ಯಾವಾಗ ಊರಿಗೆ ಹೋಗಬೇಕು ಎಂಬುದನ್ನು ಕಂಪನಿ ಹೇಳುತ್ತದೆ. ಏನು ತಿನ್ನಬೇಕು, ಯಾವ ಅಂಗಿ ಹಾಕಬೇಕು ಎಂಬುದನ್ನು ಹೆಂಡತಿ ಶಶಿಕಲಾ ಹೇಳುತ್ತಿದ್ದಳು. ಇವೆರಡರ ನಡುವೆ ಉಳಿದ ಜಾಗದಲ್ಲಿ ನಾನು ಹಾಯಾಗಿದ್ದೆ. ಅಂಥವನ ಮುಂದೆ ಎರಡು ಹಾವುಗಳನ್ನಿಟ್ಟು, ಒಂದನ್ನು ಆರಿಸಿಕೋ ಎಂದರೆ ಹೇಗೆ?

ಹಾಗೆಂದವನು ನಮ್ಮ ಆಫೀಸಿನ ಸರ್ವೇಯರ್, ದಕ್ಷಿಣ ಆಫ್ರಿಕಾದ ಪೀಟರ್. ಅವನ ಕಾಂಟ್ರಾಕ್ಟ್ ಮುಗಿದಿತ್ತು. ಸಾಕಿದ್ದ ಹಾವುಗಳಲ್ಲಿ ಎರಡಕ್ಕೆ ಇನ್ನೂ ಮನೆ ಸಿಕ್ಕಿರಲಿಲ್ಲ. ಒಂದು ಐದಡಿಯ ದೊಡ್ಡದು, ಇನ್ನೊಂದು ಪೆನ್ಸಿಲ್ ದಪ್ಪದ ಮರಿ. ಎರಡೂ ಅಮೆರಿಕದ ಜಾತಿ, ವಿಷವಿಲ್ಲ, ಹೆಡೆಯಿಲ್ಲ. ಬೀಳ್ಕೊಡುಗೆಯ ಊಟಕ್ಕೆ ಅವನ ಮನೆಗೆ ಹೋದಾಗ ನನ್ನ ಹನ್ನೊಂದು ವರ್ಷದ ಮಗಳು ದಿಶಾ ಮರಿಯನ್ನು ಬಳೆಯಂತೆ ಕೈಗೆ, ದೊಡ್ಡದನ್ನು ಹಾರದಂತೆ ಕೊರಳಿಗೆ ಸುತ್ತಿಕೊಂಡು ಕೂತಳು. ನಾನು ಸೋಫಾದ ಮೇಲೆ ಕಾಲೆತ್ತಿಕೊಂಡು ಕೂತೆ. ದೋಹಾದ ಅಲ್ ಸದ್ದ್ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲಿ ಅವಳಿಗಿದ್ದ ಒಬ್ಬಳೇ ಗೆಳತಿ ಊರಿಗೆ ಮರಳಿದ ಮೇಲೆ ಮಗಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಒಂದನ್ನು ಕೊಂಡೊಯ್ಯಿರಿ ಎಂದ ಪೀಟರ್. ಹೂಂ ಎಂದು ನನ್ನ ತಲೆ ತಾನಾಗಿ ಅಲ್ಲಾಡಿತು.

ತಲೆ ಅಲ್ಲಾಡಲು ಬೇರೆ ಕಾರಣವೂ ಇತ್ತು. ಮಾರ್ಚಿನ ನಂತರ ಫ್ಯಾಮಿಲಿ ಕ್ವಾರ್ಟರ್ಸ್ ಇಲ್ಲ ಎಂದು ಕಂಪನಿ ಪತ್ರ ಕೊಟ್ಟಿತ್ತು. ಪರೀಕ್ಷೆ ಮುಗಿದ ಕೂಡಲೇ ತಾಯಿ ಮಗಳು ಉಡುಪಿಗೆ, ನಾನು ಇಲ್ಲಿಯೇ ಎಂದು ಶಶಿಕಲಾ ನಿಶ್ಚಯಿಸಿದ್ದಳು. ಇದನ್ನು ದಿಶಾಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡು ತಿಂಗಳಿಂದ ದಿನಾ ಹೇಳಲು ಹೊರಟು, ಹೋಂವರ್ಕ್ ಆಯಿತಾ ಎಂದು ಕೇಳಿ ವಾಪಸು ಬರುತ್ತಿದ್ದೆ.

ಬುದ್ಧಿ ಇದ್ದವನು ದೊಡ್ಡದನ್ನೇ ತರಬೇಕು. ಅದಕ್ಕೆ ವಯಸ್ಸಾಗಿದೆ, ಕೈಗೆ ಪಳಗಿದೆ. ಮಾರ್ಚಿನಲ್ಲಿ ಯಾರಿಗಾದರೂ ದಾಟಿಸಬಹುದು. ಆದರೆ ನಾವು ಕರಾವಳಿಯವರು. ಸತ್ತ ನಾಗರಹಾವು ಕಣ್ಣಿಗೆ ಬಿದ್ದರೂ ಮನುಷ್ಯರಿಗೆ ಮಾಡಿದಂತೆ ಕ್ರಿಯೆ ಮಾಡಿಸುವವರು. ಮನೆಯಲ್ಲೇ ಸತ್ತರೆ ದೋಹಾದಲ್ಲಿ ಪುರೋಹಿತರನ್ನು ಎಲ್ಲಿಂದ ತರುವುದು ಎಂದಳು ಶಶಿಕಲಾ. ಊರಿಗೆ ಫೋನ್ ಮಾಡಿದೆ. ಅದು ನಾಗನಲ್ಲ, ಅಮೆರಿಕದ್ದು ಎಂದು ನನ್ನ ಅಮ್ಮನಿಗೆ ತಿಳಿಸಿ ಹೇಳಿದೆ.

"ಹಾವಿಗೆ ಪಾಸ್‌ಪೋರ್ಟ್ ಉಂಟಾ ಮಗಾ?" ಎಂದರು ಅಮ್ಮ.

ಹಾವು ಇರುವ ಮನೆಗೆ ಮಡಿ ಬೇಕೆಂದು ಆ ದಿನದಿಂದ ಮನೆಯಲ್ಲಿ ಮೀನು ಹುರಿಯುವುದು ನಿಂತಿತು. ಹಾವು ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಅದು ಇಲಿ ತಿನ್ನುತ್ತದೆ, ನಾವು ಬೇಳೆಸಾರು ಉಣ್ಣುತ್ತೇವೆ, ಇದು ಯಾವ ನ್ಯಾಯ ಎಂದು ಕೇಳಿದೆ. ಫ್ರಿಜ್ಜಿನಲ್ಲಿ ಇಲಿಗೆ ಬೇರೆ ಡಬ್ಬಿ ಇಡಬೇಕೆಂದು ಶಶಿಕಲಾಳ ಉತ್ತರ ಬಂತು. ಮರಿಯನ್ನು ತರೋಣವೆಂದರೆ, ಅದು ಇಪ್ಪತ್ತು ವರ್ಷ ಬದುಕುತ್ತದೆ ಎಂದು ಪೀಟರ್ ಹೇಳಿದ್ದ. ಮುಂದಿನ ವರ್ಷ ಊರಿಗೆ ಹೋಗುವವರು ನಾವು ಎಂದು ಒಳ್ಳೆಯ ಮಂಚವನ್ನೂ ಕೊಳ್ಳದೆ ಹದಿನಾಲ್ಕು ವರ್ಷ ಕಳೆದವನು ನಾನು. ಅಂಥವನಿಗೆ ಇಪ್ಪತ್ತು ವರ್ಷದ ಹಾವು!

ಪೀಟರ್ ಹೊರಡುವ ವಾರದ ಗುರುವಾರ ಸಂಜೆ, ಯಾವ ಹಾವು ಬೇಕೆಂದು ಕಾರಿನಲ್ಲಿ ಕೂತ ಮಗಳನ್ನು ಕೊನೆಗೂ ಕೇಳಿದೆ. ತೀರ್ಮಾನವನ್ನು ಅವಳ ತಲೆಗೆ ಕಟ್ಟುವ ಉಪಾಯ.

"ಮರಿಯೇ ಬೇಕು ಪಪ್ಪ," ಎಂದಳು. "ಅದು ಟ್ವೆಂಟಿ ಇಯರ್ಸ್ ಇರ್ತದಲ್ಲ. ಅದನ್ನು ಬಿಟ್ಟು ನಾವು ಎಲ್ಲಿಗೂ ಹೋಗ್ಲಿಕ್ಕೆ ಆಗುದಿಲ್ಲ."

ಕಂಪನಿಯ ಪತ್ರವನ್ನು ನಾನು ಟಿವಿಯ ಮೇಲೆಯೇ ಬಿಟ್ಟಿದ್ದೆ. ಇಂಗ್ಲಿಷ್ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಎರಡು ತಿಂಗಳಿಂದ ಅವಳೂ ನಾನು ಹೇಳಲೆಂದು ಕಾಯುತ್ತಿದ್ದಳು. ಕಾರು ನಿಲ್ಲಿಸಿ, ಹೌದು ಮಗಾ, ಹೋಗಲೇಬೇಕು ಎನ್ನಬೇಕಿತ್ತು. ನನಗೆ ನಾಚಿಕೆಯಾಯಿತು, ಅಳುವೂ ಬಂತು. "ಸರಿ, ಮರಿಯನ್ನೇ ತರುವ," ಎಂದೆ. ಜೀವನದಲ್ಲಿ ನಾನಾಗಿ ತೆಗೆದುಕೊಂಡ ತೀರ್ಮಾನ ಅದೊಂದೇ. ಅದೂ ಇನ್ನೊಂದು ಮಾತನ್ನು ತಪ್ಪಿಸಿಕೊಳ್ಳಲು.

ಊರಿಗೆ ಹೋಗುವ ಮಾತನ್ನು ಕೊನೆಗೆ ಶಶಿಕಲಾಳೇ ಹೇಳಿದಳು. ಮಾರ್ಚಿನಲ್ಲಿ ಇಬ್ಬರೂ ಹೋದರು. ದಿಶಾ ಅಳಲಿಲ್ಲ. ಯಾವ ದಿನ ಇಲಿ, ಯಾವ ದಿನ ನೀರು ಎಂದು ಬರೆದ ಹಾಳೆಯನ್ನು ನನ್ನ ಜೇಬಿಗೆ ಹಾಕಿದಳು, ಅಷ್ಟೇ.

ಈಗ ದೋಹಾದಲ್ಲೇ ಅಲ್ ಹಿಲಾಲ್ ಎಂಬಲ್ಲಿನ ಒಂದು ಫ್ಲ್ಯಾಟಿನಲ್ಲಿ ಮೂವರು ಗಂಡಸರು ಮತ್ತು ಒಂದು ಹಾವು ಇದ್ದೇವೆ. ಉಳಿದಿಬ್ಬರೂ ಕುಂದಾಪುರದ ಕಡೆಯವರು. ಹಾವಿನ ಮರ್ಯಾದೆಗೆ ಅವರೂ ಮೀನು ಬಿಟ್ಟಿದ್ದಾರೆ, ನನ್ನ ಮೇಲೆ ಹಲ್ಲು ಕಡಿಯುತ್ತಾರೆ. ಹಗ್ಗ ಕಂಡರೆ ಹಾರುತ್ತಿದ್ದ ನಾನು ಶುಕ್ರವಾರ ಶುಕ್ರವಾರ ಫ್ರಿಜ್ಜಿನಲ್ಲಿ ಗಟ್ಟಿಯಾದ ಇಲಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗಾಗಲು ಕಾಯುತ್ತೇನೆ, ಆಮೇಲೆ ಟೇಪು ಹಿಡಿದು ಹಾವಿನ ಉದ್ದ ಅಳೆಯುತ್ತೇನೆ. ಮೊದಲೆಲ್ಲ ಫೋನ್ ಎತ್ತಿದ ಕೂಡಲೇ ಮಗಳು ಕೇಳುತ್ತಿದ್ದದ್ದು ಅದೊಂದನ್ನೇ. ಈಚೆಗೆ ಕೇಳುವುದಿಲ್ಲ. ಅಲ್ಲಿ ಅವಳಿಗೆ ಗೆಳತಿಯರಾಗಿದ್ದಾರೆ, ಹೊರಗಿನಿಂದ ಯಾರೋ ಕರೆಯುತ್ತಿರುತ್ತಾರೆ. ನನಗೆ ಸಂತೋಷವೇ. ಈಗ ಅವಳು ಕೇಳದಿದ್ದರೂ ಉದ್ದವನ್ನು ನಾನೇ ಹೇಳುತ್ತೇನೆ. ಕಳೆದ ತಿಂಗಳು ಅದು ಒಂದಿಷ್ಟೂ ಬೆಳೆದಿರಲಿಲ್ಲ. ಅವಳು ಫೋನ್ ಇಡುವ ಮೊದಲು ಎರಡಿಂಚು ಸೇರಿಸಿ ಹೇಳಿದೆ.