ಕಟ್ಟುವ ಮೊದಲೇ ಕೇಳಿದ ಕಾಕಾ

ನಾನು ಖರೆ ಹೇಳಿದಾಗಲೆಲ್ಲ ಜನ ನನ್ನನ್ನು ಸಂಶಯದಿಂದ ನೋಡುವುದು ಮೊದಲಿನಿಂದಲೂ ನಡೆದೇ ಬಂದಿದೆ. ಸುಳ್ಳು ಹೇಳಿದರೆ ಮಾತ್ರ ಕೂಡಿಸಿ ಚಹಾ ಕೊಡುತ್ತಾರೆ. ಹೊಗಳಿಕೊಳ್ಳುವ ಚಟ ನನಗಿಲ್ಲ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಕಡೆ ಹುಡುಕಿದರೂ, ಕಟ್ಟುವ ಮೊದಲೇ ಪರವಾನಗಿ ಬೇಕೋ ಬೇಡವೋ ಎಂದು ಕೇಳಲು ಹೋದವ ನಾನೊಬ್ಬನೇ. ಉಳಿದವರು ಕಟ್ಟಿ, ಹುಗ್ಗಿ ಉಂಡು, ಕೈ ತೊಳೆದುಕೊಂಡ ಮೇಲೆ ಕೇಳುತ್ತಾರೆ.

ನಮ್ಮ ಅಡಿಗೆಮನೆ ಹತ್ತು ವರ್ಷದಿಂದ ಸೋರುತ್ತಿತ್ತು. ಮನೆಯಾಕೆ ಒಂದು ದಿನ ಕೊನೆಯ ಮಾತು ಹೇಳಿದಳು: "ಈ ಮಳಿಗಾಲದಾಗೂ ಛತ್ರಿ ಹಿಡಕೊಂಡು ರೊಟ್ಟಿ ಬಡ್ಯಾಕ ನನ್ನಿಂದ ಆಗಂಗಿಲ್ಲ. ಹಿತ್ತಲದಾಗ ಹೊಸ ಅಡಗಿಮನಿ ಕಟ್ಟಸ್ರಿ. ಇಲ್ಲಂದ್ರ ರೊಟ್ಟಿ ನೀವ ಬಡೀರಿ."

ಹೊರಟೆ.

ಆಫೀಸಿನಲ್ಲಿ

ಪಂಚಾಯ್ತಿಯ ಗುಮಾಸ್ತ ಕನ್ನಡಕ ಇಳಿಸಿ ನೋಡಿದ. "ಕಟ್ಟೂಕಿಂತ ಮೊದಲ ಕೇಳಾಕ ಬಂದೀರಿ?"

"ಹೌದ್ರಿ."

"ಖರೆ ಹೇಳ್ರಿ ಕಾಕಾ, ಎಷ್ಟು ಮಜಲಾ ಕಟ್ಟೀರಿ?"

"ಒಂದು ಇಟ್ಟಂಗಿನೂ ಇಟ್ಟಿಲ್ಲ!"

ಆತ ಒಳಗಿನ ಕೋಣೆಗೆ ಕೂಗಿದ: "ಸಾಹೇಬ್ರ, ಇಲ್ಲೊಬ್ರು ಏನೂ ಕಟ್ಟಿಲ್ಲಂತ್ರಿ!"

ಇಡೀ ಆಫೀಸು ಎದ್ದು ಬಂದು ನನ್ನನ್ನು ನೋಡಿತು. ಇದರಲ್ಲೇನೋ ದೊಡ್ಡ ಮಸಲತ್ತು ಇದೆಯೆಂದು, ಸೋಮವಾರ ಸಾಹೇಬರೇ ಜಾಗ ನೋಡಲು ಬರುವುದೆಂದು ಠರಾಯಿತು.

ಮೂಡಲಗಿಯ ಗೌಂಡಿ

ಮೂಡಲಗಿಯಿಂದ ಕರೆಸಿದ್ದ ಗೌಂಡಿ ಪಾಯದ ದಾರ ಕಟ್ಟುತ್ತಿದ್ದ. ಪರವಾನಗಿ ಕೇಳಿ ಬಂದೆ ಅಂದೆ. ದಾರ ಕಟ್ಟುತ್ತಿದ್ದ ಅವನ ಕೈ ನಿಂತಿತು.

"ಕಾಕಾ, ಈ ಜಾಗಾ ನಿಮ್ಮದ ಹೌದಲ್ರಿ?"

"ನಮ್ಮ ಮುತ್ತ್ಯಾಂದೋ!"

"ಮತ್ತ ಯಾಕ ಕೇಳಾಕ ಹೋಗಿದ್ರಿ?"

ದಾರ ಸುತ್ತಿ, ಕರಣಿ ಚೀಲಕ್ಕೆ ಹಾಕಿ, ಮಧ್ಯಾಹ್ನದ ಬಸ್ಸಿಗೇ ಹೋದ. ಸುದ್ದಿ ಮುಟ್ಟಿ, ಗೋಕಾಕದಲ್ಲಿರುವ ನನ್ನ ಹೆಂಡತಿಯ ಅಣ್ಣ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ: "ಹೆದರಬ್ಯಾಡ್ರಿ, ನಮ್ಮ ಕಡೆ ಚಲೋ ವಕೀಲರದಾರ."

ಸೋಮವಾರ

ಸಾಹೇಬರು ಬರುವ ಸುದ್ದಿ ಓಣಿಗೆ ಹಬ್ಬಿತು. ಬಾಜೂ ಮನೆಯವನಂತೂ ಬೆಳಿಗ್ಗೆಯೇ ಬಂದ. ಹತ್ತು ವರ್ಷದ ಹಿಂದೆ ಯಾರನ್ನೂ ಕೇಳದೆ, ನಮ್ಮ ಅಡಿಗೆಮನೆಗೆ ಹತ್ತಿದ ತನ್ನ ಮಾಳಿಗೆಯ ಮೇಲೆ ತಗಡಿನ ಶೆಡ್ಡು ಹಾಕಿದ್ದ ಶೂರ.

"ಕಾಕಾ, ನನ್ನ ಶೆಡ್ಡಿನ ಮ್ಯಾಲ ಅರ್ಜಿ ಕೊಟ್ಟೀರಂತ?"

"ನಮ್ಮ ಅಡಗಿಮನಿ ಸಲುವಾಗಿ ಕೇಳೇನೋ, ದೇವರಾಣಿ!"

"ಆಣಿ ಬ್ಯಾರೆ ಮಾಡ್ತೀರಿ. ಅಂದ್ರ ಕೊಟ್ಟೀರಿ!" ಎಂದವನೇ ಓಡಿಹೋಗಿ ತಗಡೆಲ್ಲ ಕಿತ್ತು ಹುಲ್ಲಿನ ಬಣವೆಯಲ್ಲಿ ಮುಚ್ಚಿಟ್ಟ.

ಸಾಹೇಬರು ಬಂದು ಟೇಪು ಹಿಡಿದು ಅಳೆದರು. ಕದ್ದು ಕಟ್ಟಿದ್ದು ಏನೂ ಸಿಗದೆ ಮುಖ ಸಣ್ಣದಾಯಿತು. "ಹಿತ್ತಲದಾಗ ಆದ್ರೂ ಪರವಾನಗಿ ಬೇಕ್ರಿ. ನಕಾಶೆ ಮಾಡಿಸಿ ಅರ್ಜಿ ಕೊಡ್ರಿ" ಎಂದು ಹೋದರು.

ಅದೇ ಸಂಜೆ ಧೋ ಎಂದು ಮಳೆ. ಮನೆಯಾಕೆ ರೂಢಿಯಂತೆ ಸೋರುವ ಕಡೆಯೆಲ್ಲ ಪಾತ್ರೆ ಇಟ್ಟು ಕೂತಳು. ಒಂದು ಹನಿಯೂ ಬೀಳಲಿಲ್ಲ. ಅವಳಿಗೂ ಸಂಶಯ ಬಂತು. ಕಿಟಕಿಯಿಂದ ಕೈ ಹೊರಗೆ ಚಾಚಿ, "ಏನ್ರಿ, ಮಳಿ ಖರೇನ ಬರಾಕತ್ತೈತಿ!" ಎಂದಳು. ಹತ್ತು ವರ್ಷ ನಮ್ಮ ಅಡಿಗೆಮನೆ ಮೇಲೆ ಸುರಿದದ್ದು ಆ ತಗಡಿನ ನೀರು!

ಒಂದು ಇಟ್ಟಂಗಿ ಇಡದೆ ಮನೆ ಸೋರುವುದನ್ನು ನಿಲ್ಲಿಸಿದ ಇಂಜಿನಿಯರ್ ನನ್ನ ಬಿಟ್ಟರೆ ಇನ್ನೊಬ್ಬನಿಲ್ಲ.

ಮರುದಿನ ಬಾಜೂ ಮನೆಯವ ಬಣವೆಯಿಂದ ತಗಡು ಎಳೆಯುತ್ತಿದ್ದ. ನಾನು ಚಪ್ಪಲಿ ಮೆಟ್ಟಿ, ಚೀಲ ಬಗಲಿಗೆ ಹಾಕಿದೆ.

"ಎಲ್ಲಿಗ್ರಿ ಕಾಕಾ?"

"ಪಂಚಾಯ್ತಿಗೆ. ತಗಡಿಗೆ ಪರವಾನಗಿ ಬೇಕೋ ಬ್ಯಾಡೋ, ಸುಮ್ನ ಕೇಳಿ ಬರ್ತೀನಿ."

ತಗಡು ತಾನಾಗಿಯೇ ಬಣವೆಯೊಳಗೆ ಹೋಯಿತು.